ಸಾವಯವ ಬೇಸಾಯವೂ ವಾಯುಗುಣವೂ: ಮಡಕಶಿರಾ–ರಾಯದುರ್ಗ ಸೀಮೆಯ ದೃಷ್ಟಿಯಿಂದ

ಇಂತಹ ಸಂಚಿಕೆಗಳಲ್ಲಿ ಶಾಸನ, ಜಾನಪದ, ಸ್ಥಳನಾಮ, ಭಾಷಾಮಿಶ್ರಣ ಮೊದಲಾದ ವಿಷಯಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಗೊಬ್ಬರದ ವಿಚಾರವೇಕೆ ಎಂದು ಕೆಲವರು ಉಪಾಧ್ಯಾಯ ಬಂಧುಗಳು ಕೇಳಬಹುದು. ನಮ್ಮ ಉತ್ತರ ಸರಳವಾದುದು. ಗಡಿನಾಡಿನ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ರೈತರ ಮತ್ತು ಕೂಲಿಕಾರರ ಮಕ್ಕಳು. ಮಳೆ ಹೋದ ವರ್ಷ ತಂದೆತಾಯಿಗಳು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳೂ ಅವರ ಹಿಂದೆ ಹೋಗುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಸಾಲುಗಳು ಖಾಲಿಯಾಗುತ್ತವೆ. ಮಕ್ಕಳಿಲ್ಲದ ಶಾಲೆಯಲ್ಲಿ ಭಾಷೆಯನ್ನು ಉಳಿಸುವುದು ಹೇಗೆ? ಆದುದರಿಂದ ಹೊಲದ ಸ್ಥಿತಿಯನ್ನು ತಿಳಿಯುವುದು ನಮ್ಮ ಕೆಲಸದ ಹೊರಗಿನ ಮಾತಲ್ಲ.

ಸಾವಯವ ಬೇಸಾಯವು ವಾಯುಗುಣದ ಕೇಡಿಗೆ ಒಂದು ಪರಿಹಾರವೆಂದು ಈಚಿನ ವರ್ಷಗಳಲ್ಲಿ ಬಹಳವಾಗಿ ಹೇಳಲಾಗುತ್ತಿದೆ. ಸರಕಾರಗಳೂ ಇದಕ್ಕಾಗಿ ಯೋಜನೆಗಳನ್ನು ಹೂಡಿವೆ. ಈ ಮಾತಿನಲ್ಲಿ ನಿಜವೆಷ್ಟು, ಅತಿಶಯವೆಷ್ಟು, ನಮ್ಮ ಸೀಮೆಯ ರೈತನಿಗೆ ಸಿಗತಕ್ಕ ನೆರವು ಯಾವುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಸೀಮೆಯ ಸ್ಥಿತಿ

ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ನೆಯ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆಂಧ್ರ ರಾಜ್ಯ ಏರ್ಪಟ್ಟಾಗ ಅತ್ತ ಸೇರಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್ ತಿಂಗಳಿನ ಪುನರ್ವಿಂಗಡಣೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದಿದೆ. ಜಿಲ್ಲೆಗಳ ಹೆಸರು ಬದಲಾದರೂ ಮಳೆಯ ಸ್ವಭಾವ ಬದಲಾಗಿಲ್ಲ. ಪಶ್ಚಿಮ ಘಟ್ಟಗಳು ಮುಂಗಾರಿನ ಬಲವನ್ನು ತಡೆಯುತ್ತವೆ. ಪೂರ್ವ ಸಮುದ್ರದ ಚಂಡಮಾರುತಗಳು ಇಲ್ಲಿಗೆ ಬರುವಷ್ಟರಲ್ಲಿ ಸೊರಗುತ್ತವೆ. ಹಳೆಯ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಾತ್ರ. ಅದೂ ಕೆಲವೇ ದಿನಗಳಲ್ಲಿ ಸುರಿದು, ನಡುವೆ ದೀರ್ಘವಾದ ಬಿಡುವನ್ನು ಕೊಡುತ್ತದೆ.

ಮಣ್ಣು ಬಹುಭಾಗ ಕೆಂಪು. ಆಳ ಕಡಿಮೆ, ಗರಸು ಹೆಚ್ಚು. ಆದವಾನಿಯ ಕಡೆ ಎರೆಭೂಮಿಯೂ ಉಂಟು. ಹಿಂದೆ ಈ ಕೆಂಪು ಹೊಲಗಳಲ್ಲಿ ರಾಗಿ, ಸಜ್ಜೆ, ನವಣೆ, ಕೊರಲೆ, ಹುರುಳಿಗಳು ಬೆಳೆಯುತ್ತಿದ್ದವು. ನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ಬೇಸಿಗೆಯಲ್ಲಿ ಕುರಿಮಂದೆ ನಿಲ್ಲಿಸುವುದು, ಕೆರೆಯ ಗೋಡು ಹೊಡೆಯುವುದು, ಹೊಂಗೆ ಸೊಪ್ಪು ತುಳಿಸುವುದು ಇವೆಲ್ಲ ವರ್ಷದ ಕೆಲಸಗಳಾಗಿದ್ದವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಡಲೆಕಾಯಿ ಹೆಚ್ಚುತ್ತಾ ಬಂದು, ಕಡೆಗೆ ಲಕ್ಷಾಂತರ ಹೆಕ್ಟೇರುಗಳನ್ನು ಅದೊಂದೇ ಆಕ್ರಮಿಸಿತು. ಎಣ್ಣೆಗೆ ಬೆಲೆಯಿತ್ತು, ಕೈಗೆ ಹಣ ಬಂದಿತು. ರೈತ ಮಾಡಿದುದು ತಪ್ಪೆಂದು ನಾವು ಹೇಳಲಾರೆವು. ಆದರೆ ಕಡಲೆಕಾಯಿಯನ್ನು ಬೇರುಸಹಿತ ಕಿತ್ತ ಮೇಲೆ ಹೊಲ ಬೋಳಾಗುತ್ತದೆ. ಆಗಿನಿಂದ ಮರುವರ್ಷದ ಜೂನ್ ತಿಂಗಳವರೆಗೆ ನೆಲ ಬಿಸಿಲಿಗೂ ಗಾಳಿಗೂ ಬಿದ್ದಿರುತ್ತದೆ. ಒಂದು ಬೆಳೆ ಹೋದರೆ ಮನೆಯ ಎಲ್ಲವೂ ಹೋದಂತೆ. ಈ ಎರಡು ದೋಷಗಳನ್ನು, ಎಂದರೆ ಒಂದೇ ಬೆಳೆಯನ್ನೂ ಬೋಳು ನೆಲವನ್ನೂ, ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇವೇ ಆಧಾರ.

ಬೇಸಾಯಕ್ಕೂ ವಾಯುಗುಣಕ್ಕೂ ಇರುವ ಸಂಬಂಧ

ಭೂಮಿಯ ಮೇಲಿನ ಶಾಖವು ಆಕಾಶಕ್ಕೆ ಹಿಂದಿರುಗದಂತೆ ಕೆಲವು ಅನಿಲಗಳು ತಡೆಯುತ್ತವೆ. ಇಂಗಾಲದ ಡೈಆಕ್ಸೈಡ್, ಮಿಥೇನ್, ನೈಟ್ರಸ್ ಆಕ್ಸೈಡ್ ಇವು ಮುಖ್ಯವಾದವು. ಕಲ್ಲಿದ್ದಲು, ಪೆಟ್ರೋಲುಗಳನ್ನು ಉರಿಸುವುದೇ ಈ ಅನಿಲಗಳ ಏರಿಕೆಗೆ ಮೊದಲನೆಯ ಕಾರಣ. ಭಾರತದ ಲೆಕ್ಕದಲ್ಲಿ ಬೇಸಾಯದ ಪಾಲು ನೂರರಲ್ಲಿ ಸುಮಾರು 14. ಈ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ದನಕರುಗಳು ಮೆಲುಕು ಹಾಕುವಾಗ ಹೊರಬೀಳುವ ಮಿಥೇನ್. ಉಳಿದುದರಲ್ಲಿ ನೀರು ನಿಂತ ಭತ್ತದ ಗದ್ದೆಯ ಮಿಥೇನ್ ಮತ್ತು ಸಾರಜನಕ ಗೊಬ್ಬರ ಬಿದ್ದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ದೊಡ್ಡವು.

ನೈಟ್ರಸ್ ಆಕ್ಸೈಡಿನ ಪ್ರಮಾಣ ಅಲ್ಪ, ಶಕ್ತಿ ಬಹಳ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ 273 ಕಿಲೋಗಳಿಗೆ ಸಮ. ಇದನ್ನು ಒಂದು ಯೂರಿಯಾ ಚೀಲದ ಲೆಕ್ಕದಿಂದ ತಿಳಿಯೋಣ. ಮೇಲಿನ ತರಗತಿಯ ಮಕ್ಕಳಿಗೂ ಇದನ್ನು ಮಾಡಿಸಬಹುದು. ಚೀಲದ ತೂಕ 45 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 46, ಎಂದರೆ ಸುಮಾರು 20.7 ಕಿಲೋ. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಹಾರುತ್ತದೆಂದು ಅಂತರರಾಷ್ಟ್ರೀಯ ಲೆಕ್ಕಗಾರರು ಎಣಿಸುತ್ತಾರೆ. ಆ ಒಂದು ಪಾಲು 0.207 ಕಿಲೋ ಸಾರಜನಕ. ಅನಿಲದ ರೂಪದಲ್ಲಿ ಅದು 0.325 ಕಿಲೋ ಆಗುತ್ತದೆ. ಇದನ್ನು 273ರಿಂದ ಗುಣಿಸಿದರೆ ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾದೊಳಗಿನ ಇಂಗಾಲವೇ ಬಿಡುಗಡೆಯಾಗಿ ಇನ್ನೂ 33 ಕಿಲೋ ಸೇರಿಸುತ್ತದೆ. ಕಾರ್ಖಾನೆಯಲ್ಲಿ ಅದನ್ನು ತಯಾರಿಸಲು ಉರಿದ ಅನಿಲದ ಲೆಕ್ಕ ಬೇರೆಯೇ. ಒಣ ಸೀಮೆಯ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡು ಏಳುವುದು ಇದರ ಅರ್ಧದಷ್ಟೇ ಎಂಬುದನ್ನೂ ಹೇಳಬೇಕು. ಆದುದರಿಂದ ನಮ್ಮ ಮಳೆಯಾಶ್ರಿತ ಹೊಲಗಳು ಈ ಪಾಪದಲ್ಲಿ ಚಿಕ್ಕ ಪಾಲುಗಾರರು. ನೀರಾವರಿಯ ಭತ್ತ, ಕಬ್ಬು, ಮೆಕ್ಕೆಜೋಳದ ಸೀಮೆಗಳಲ್ಲಿ ಯೂರಿಯಾ ಸುರಿಯುವಷ್ಟನ್ನು ಇಲ್ಲಿ ಸುರಿಯುವುದಿಲ್ಲ.

ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ವಾಯುಗುಣವನ್ನು ಕೆಡಿಸಿದವರಲ್ಲಿ ನಾವು ಕಡೆಯವರು; ಅದರ ಪೆಟ್ಟು ತಿನ್ನುವವರಲ್ಲಿ ಮೊದಲಿಗರು. ಹಾಗಿದ್ದಲ್ಲಿ ಸರಿಪಡಿಸುವ ಹೊಣೆಯನ್ನು ಮಡಕಶಿರಾದ ಎರಡೆಕರೆ ರೈತನ ತಲೆಗೆ ಕಟ್ಟುವುದು ನ್ಯಾಯವೆ? ನ್ಯಾಯವಲ್ಲ. ಆದರೂ ಅವನ ಹೊಲಕ್ಕೇ ಲಾಭವಾಗುವ ಮಾರ್ಗವೊಂದಿದ್ದು, ಅದರಿಂದ ಜಗತ್ತಿಗೂ ಸ್ವಲ್ಪ ಉಪಕಾರವಾಗುವುದಾದರೆ, ಆ ಮಾರ್ಗವನ್ನು ತಿಳಿಸದಿರುವುದು ಮಾತ್ರ ನಮ್ಮ ತಪ್ಪಾಗುತ್ತದೆ.

ಸಾವಯವವೆಂದರೇನು, ನೈಸರ್ಗಿಕವೆಂದರೇನು

ರಾಸಾಯನಿಕ ಗೊಬ್ಬರ, ವಿಷದ ಔಷಧಿಗಳನ್ನು ಬಿಟ್ಟು, ಕೊಟ್ಟಿಗೆ ಗೊಬ್ಬರ, ಹಸುರೆಲೆ ಗೊಬ್ಬರ, ಎರೆಹುಳು ಗೊಬ್ಬರ, ಹಿಂಡಿ ಮುಂತಾದವುಗಳಿಂದ ಮಣ್ಣನ್ನು ಪೋಷಿಸುವುದು ಸಾವಯವ ಬೇಸಾಯ. ಇದರ ಶಾಸ್ತ್ರೀಯ ಪ್ರತಿಪಾದಕರಲ್ಲಿ ಒಬ್ಬರಾದ ಸರ್ ಆಲ್ಬರ್ಟ್ ಹೊವಾರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನ ಸಂಸ್ಥೆಯಲ್ಲಿ ಕೆಲಸಮಾಡಿ, ಕಸಕಡ್ಡಿ ಮತ್ತು ಸಗಣಿಯಿಂದ ಗೊಬ್ಬರ ಮಾಗಿಸುವ ‘ಇಂದೋರ್ ಕ್ರಮ’ವನ್ನು ರೂಪಿಸಿದರು. ಅವರು ಅದನ್ನು ಕಲಿತುದು ಬಹುಮಟ್ಟಿಗೆ ಭಾರತದ ಮತ್ತು ಚೀನದ ರೈತರಿಂದಲೇ.

ನೈಸರ್ಗಿಕ ಕೃಷಿಯೆಂಬುದು ಇದಕ್ಕೆ ಸಮೀಪದ ದಾಯಾದಿ. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಅವರು ಇದನ್ನು ಪ್ರಚಾರಮಾಡಿದರು. ಕರ್ನಾಟಕದಲ್ಲಿ ರೈತ ಸಂಘದವರ ಮೂಲಕ ಅದು ಈ ಶತಮಾನದ ಮೊದಲ ವರ್ಷಗಳಲ್ಲಿ ಹರಡಿತು. ಹೊರಗಿನಿಂದ ಗಾಡಿಗಟ್ಟಲೆ ಗೊಬ್ಬರ ತರಬೇಕಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸಿದರೆ ಸಾಕೆಂಬುದು ಇದರ ತತ್ತ್ವ. ಎಕರೆಯೊಂದಕ್ಕೆ 200 ಲೀಟರು ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರು ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಇವನ್ನು ಕಲಸಿ ಎರಡು ದಿನ ನೆರಳಿನಲ್ಲಿ ಕಳಿಯಿಸಿದರೆ ಅದು ಜೀವಾಮೃತ. ಸಗಣಿ, ಗಂಜಲ, ಸುಣ್ಣಗಳಿಂದ ಬೀಜೋಪಚಾರ ಮಾಡುವುದು ಬೀಜಾಮೃತ. ಇವುಗಳ ಜೊತೆಗೆ ನೆಲದ ಮೇಲೆ ಹೊದಿಕೆ ಹಾಕುವುದು, ಬೆಳೆಗಳನ್ನು ಬೆರೆಸುವುದು ಸೇರಿದರೆ ಕ್ರಮ ಪೂರ್ಣವಾಗುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ತೊಡೆಯಬೇಕು. ಜೀವಾಮೃತವು ಗೊಬ್ಬರವಲ್ಲ. ಮೇಲಿನ ಪದಾರ್ಥಗಳಲ್ಲಿರುವ ಒಟ್ಟು ಸಾರಜನಕವನ್ನು ಎಣಿಸಿದರೆ ಕಾಲು ಕಿಲೋ ಮುಟ್ಟುವುದೇ ಕಷ್ಟ. ಯೂರಿಯಾ ಚೀಲದಲ್ಲಿರುವುದು ಇಪ್ಪತ್ತು ಕಿಲೋ. ಆದುದರಿಂದ ಪೀಪಾಯಿಯ ನೀರನ್ನು ಮಾತ್ರ ಚೆಲ್ಲಿ ಬೆಳೆ ಬರಲೆಂದು ಕಾದವನು ನಿರಾಶನಾಗುತ್ತಾನೆ. ಅದು ಹಾಲಿಗೆ ಹೆಪ್ಪಿದ್ದಂತೆ; ಹಾಲೇ ಇಲ್ಲದಿದ್ದರೆ ಹೆಪ್ಪಿನಿಂದ ಪ್ರಯೋಜನವಿಲ್ಲ. ಸಾರಜನಕ ಬರಬೇಕಾದುದು ಗಾಳಿಯಿಂದ, ದ್ವಿದಳ ಬೆಳೆಗಳ ಬೇರುಗಂಟುಗಳ ಮೂಲಕ. ನಮ್ಮ ಸೀಮೆಯ ಪುಣ್ಯವೆಂದರೆ ಕಡಲೆಕಾಯಿ, ತೊಗರಿ, ಹುರುಳಿ, ಅಲಸಂದೆ, ಅವರೆಗಳೆಲ್ಲ ಈ ಜಾತಿಯವೇ. ಭತ್ತಕ್ಕೂ ಮೆಕ್ಕೆಜೋಳಕ್ಕೂ ಇದೇ ಮಾತು ಇಷ್ಟು ಸುಲಭವಾಗಿ ಸಲ್ಲುವುದಿಲ್ಲ. ರಂಜಕವಂತೂ ಗಾಳಿಯಿಂದ ಬರುವುದಿಲ್ಲ. ಕಾಳಿನ ಜೊತೆಗೆ ಹೊಲದಿಂದ ಹೊರಟುಹೋದುದನ್ನು ಕೊಟ್ಟಿಗೆ ಗೊಬ್ಬರದಿಂದಲೋ ಕೆರೆಗೋಡಿನಿಂದಲೋ ಕುರಿಮಂದೆಯಿಂದಲೋ ತುಂಬಲೇಬೇಕು.

ಮಣ್ಣು ಇಂಗಾಲವನ್ನು ಹಿಡಿಯುವ ಬಗೆ

ಗಿಡವು ಎಲೆಗಳ ಮೂಲಕ ಇಂಗಾಲದ ಡೈಆಕ್ಸೈಡನ್ನು ಹೀರಿ ಸಕ್ಕರೆಯನ್ನು ಮಾಡುತ್ತದೆ. ಅದರಲ್ಲಿ ಒಂದು ಭಾಗ ಬೇರುಗಳಿಂದ ಮಣ್ಣಿಗೆ ಒಸರುತ್ತದೆ. ಸೂಕ್ಷ್ಮಜೀವಿಗಳು ಅದನ್ನುಂಡು ಬೆಳೆದು ಸಾಯುತ್ತವೆ. ಬೇರು, ಎಲೆ, ಜೀವಿಗಳ ಶೇಷವೆಲ್ಲ ಕೊಳೆತು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕಪ್ಪು ಸಾರವಾಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಸಾವಯವ ಇಂಗಾಲ’ವೆಂದು ಬರೆಯುವುದು ಇದನ್ನೇ. ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಕನಿಷ್ಠ, 0.75ಕ್ಕಿಂತ ಮೇಲಿದ್ದರೆ ಉತ್ತಮ ಎಂಬುದು ಪರೀಕ್ಷಾಲಯಗಳ ವಿಂಗಡಣೆ. ನಮ್ಮ ಕೆಂಪು ಹೊಲಗಳು ಸಾಮಾನ್ಯವಾಗಿ ಕನಿಷ್ಠದ ಗುಂಪಿನಲ್ಲಿಯೇ ಇರುತ್ತವೆ.

ಒಂದು ಎಕರೆಯ ಮೇಲ್ಮಣ್ಣು, ಅರ್ಧ ಅಡಿಯ ಆಳಕ್ಕೆ, ಸುಮಾರು 850 ಟನ್ ತೂಗುತ್ತದೆ. ಇದರಲ್ಲಿ ಇಂಗಾಲ 0.4ರಿಂದ 0.5ಕ್ಕೆ ಏರಿತೆಂದರೆ 850 ಕಿಲೋ ಇಂಗಾಲ ನೆಲಕ್ಕಿಳಿಯಿತೆಂದು ಅರ್ಥ. ಅದು ಗಾಳಿಯಿಂದ ಮೂರು ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಇಳಿಸಿದುದಕ್ಕೆ ಸಮ. ಒಂದು ಎಕರೆಯಲ್ಲಿ ಇಷ್ಟಾದರೆ ಕೋಟ್ಯಂತರ ಎಕರೆಗಳಲ್ಲಿ ಎಷ್ಟೆಂಬ ಆಸೆಯಿಂದಲೇ 2015ರ ಪ್ಯಾರಿಸ್ ಸಮ್ಮೇಳನದ ಕಾಲದಲ್ಲಿ ‘ಸಾವಿರಕ್ಕೆ ನಾಲ್ಕು’ ಎಂಬ ಅಂತರರಾಷ್ಟ್ರೀಯ ಉದ್ಯಮ ಹುಟ್ಟಿತು. ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರದಲ್ಲಿ ನಾಲ್ಕು ಪಾಲು ಹೆಚ್ಚಿಸಬೇಕೆಂಬುದು ಅದರ ಗುರಿ.

ಆದರೆ ಮೂರು ಮಿತಿಗಳನ್ನು ಮರೆಯಬಾರದು. ಮೊದಲನೆಯದು, ಈ ಏರಿಕೆ ಒಂದೆರಡು ವರ್ಷದ ಕೆಲಸವಲ್ಲ. ನಮ್ಮ ಬಿಸಿಲಿನಲ್ಲಿ ಕೊಳೆಯುವಿಕೆ ಬಹು ಬೇಗ, ನಿಲ್ಲುವುದು ಅಲ್ಪ. ಎರಡನೆಯದು, ಮಣ್ಣು ಹಗೇವಿನಂತೆ. ಒಂದು ಮಟ್ಟ ತುಂಬಿದ ಮೇಲೆ ಇನ್ನಷ್ಟು ಹಿಡಿಸದು. ಮೂರನೆಯದು, ಮತ್ತೆ ಉತ್ತು ಬೋಳುಬಿಟ್ಟರೆ ಹಿಡಿದಿಟ್ಟುದೆಲ್ಲ ಹಾರಿಹೋಗುತ್ತದೆ. ಆದುದರಿಂದ ಸಾವಯವ ಬೇಸಾಯವೊಂದೇ ಜಗತ್ತಿನ ಕಾವನ್ನು ಇಳಿಸುತ್ತದೆಂಬುದು ಅತಿಶಯದ ಮಾತು. ಕಲ್ಲಿದ್ದಲಿನ ಹೊಗೆಗೆ ಕೊಟ್ಟಿಗೆ ಗೊಬ್ಬರವು ಪ್ರಾಯಶ್ಚಿತ್ತವಾಗಲಾರದು.

ಹಾಗಾದರೆ ಲಾಭವೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಲಾಭವಿರುವುದು ತಾಳಿಕೊಳ್ಳುವ ಶಕ್ತಿಯಲ್ಲಿ. ಸಾರವುಳ್ಳ ಮಣ್ಣು ಹುರಿಹುರಿಯಾಗಿ ಸಡಿಲವಾಗಿರುತ್ತದೆ. ಬಿದ್ದ ಮಳೆ ಹರಿದುಹೋಗದೆ ಇಂಗುತ್ತದೆ. ಹೊದಿಕೆಯಿರುವ ನೆಲ ಬೇಗ ಒಣಗುವುದಿಲ್ಲ. ಎರಡು ಮಳೆಗಳ ನಡುವೆ ಮೂರು ವಾರ ಬಿಡುವು ಬಿದ್ದಾಗ ಬೆಳೆ ಇನ್ನೂ ನಾಲ್ಕಾರು ದಿನ ತಡೆದು ನಿಂತರೆ, ಆ ನಾಲ್ಕಾರು ದಿನಗಳಲ್ಲಿಯೇ ಮನೆಯವರು ಊರಲ್ಲಿರುವುದೋ ಬೆಂಗಳೂರಿಗೆ ಹೋಗುವುದೋ ನಿರ್ಧಾರವಾಗುತ್ತದೆ.

ಆಂಧ್ರದಲ್ಲಿ ನಡೆದಿರುವ ಕಾರ್ಯ

ಈ ದಿಕ್ಕಿನಲ್ಲಿ ದೇಶದ ಬಹು ದೊಡ್ಡ ಸರಕಾರಿ ಪ್ರಯತ್ನ ನಡೆದಿರುವುದು ನಾವಿರುವ ಆಂಧ್ರಪ್ರದೇಶದಲ್ಲಿಯೇ. 2014ರಲ್ಲಿ ರಾಜ್ಯ ಸರಕಾರವು ‘ರೈತು ಸಾಧಿಕಾರ ಸಂಸ್ಥ’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 2016ರಿಂದ ಅದರ ಮೂಲಕ ನೈಸರ್ಗಿಕ ಕೃಷಿಯ ಕಾರ್ಯಕ್ರಮ ಆರಂಭವಾಯಿತು. ನಿವೃತ್ತ ಐ.ಎ.ಎಸ್. ಅಧಿಕಾರಿ ಟಿ. ವಿಜಯಕುಮಾರ್ ಅವರು ಇದರ ಮುಂದಾಳು. ಮೊದಲು ‘ಶೂನ್ಯ ಬಂಡವಾಳ’ದ ಹೆಸರಿದ್ದುದು ಆಮೇಲೆ ‘ಸಮುದಾಯ ನಿರ್ವಹಣೆಯ ನೈಸರ್ಗಿಕ ಕೃಷಿ’ ಎಂದಾಯಿತು. ಇದರ ವಿಶೇಷ ಎರಡು. ಒಂದು, ಉಪದೇಶ ಮಾಡುವವರು ಕಚೇರಿಯ ನೌಕರರಲ್ಲ, ತಾವೇ ಈ ಕ್ರಮದಲ್ಲಿ ಬೆಳೆದು ತೋರಿಸಿದ ರೈತರು. ಎರಡು, ಮಹಿಳಾ ಸ್ವಸಹಾಯ ಸಂಘಗಳೇ ಇದರ ಬೆನ್ನೆಲುಬು.

ನಮ್ಮ ಸೀಮೆಗೆ ಅತ್ಯಂತ ಹೊಂದುವ ಅಂಶವೆಂದರೆ ಮುಂಗಾರಿಗೆ ಮೊದಲೇ ಮಾಡುವ ಒಣ ಬಿತ್ತನೆ. ರಾಗಿ, ಸಜ್ಜೆ, ಅಲಸಂದೆ, ಹುರುಳಿ, ಹೆಸರು, ಎಳ್ಳು, ತರಕಾರಿ ಹೀಗೆ ಹದಿನೈದಿಪ್ಪತ್ತು ಬಗೆಯ ಬೀಜಗಳನ್ನು ಬೆರೆಸಿ, ಜೇಡಿಮಣ್ಣು, ಬೂದಿ, ಒಣ ಜೀವಾಮೃತದ ಪುಡಿಗಳಿಂದ ಉಂಡೆಗಟ್ಟಿ, ಬೇಸಿಗೆಯಲ್ಲಿಯೇ ಎರಚಿ ಮೇಲೆ ಕಸಕಡ್ಡಿಯ ಹೊದಿಕೆ ಹಾಕುತ್ತಾರೆ. ಬೀಜಕ್ಕೆ ಮಣ್ಣಿನ ಅಂಗಿಯಿರುವುದರಿಂದ ಬಿಸಿಲಿಗೂ ಇರುವೆಗೂ ಬೇಗ ಹಾಳಾಗುವುದಿಲ್ಲ. ಒಂದು ಹದ ಮಳೆ ಬಿದ್ದೊಡನೆ ಮೊಳೆಯುತ್ತದೆ. ಮುಖ್ಯ ಬೆಳೆಯ ಕಾಲಕ್ಕೆ ಇದು ದನಗಳಿಗೆ ಮೇವಾಗುತ್ತದೆ, ಮನೆಗೆ ಸೊಪ್ಪಾಗುತ್ತದೆ, ಉಳಿದುದು ನೆಲಕ್ಕೆ ಹೊದಿಕೆಯಾಗುತ್ತದೆ. ಒಂದೇ ಬೆಳೆ, ಬೋಳು ನೆಲ ಎಂದು ಆರಂಭದಲ್ಲಿ ಹೇಳಿದ ಎರಡು ದೋಷಗಳಿಗೂ ಇದು ಮದ್ದು.

2024ರಲ್ಲಿ ಪೋರ್ಚುಗಲ್ ದೇಶದ ಗುಲ್ಬೆಂಕಿಯನ್ ಪ್ರತಿಷ್ಠಾನದ ಮಾನವತಾ ಬಹುಮಾನವು ಈ ಕಾರ್ಯಕ್ರಮಕ್ಕೂ, ಮಣ್ಣಿನ ವಿಜ್ಞಾನಿ ರತ್ತನ್ ಲಾಲ್ ಅವರಿಗೂ, ಈಜಿಪ್ಟಿನ ಸೆಕೆಮ್ ಸಂಸ್ಥೆಗೂ ಕೂಡಿ ದೊರೆಯಿತು. ಇದು ಸಂತೋಷದ ವಿಷಯ. ಆದರೆ 2024ರೊಳಗೆ ರಾಜ್ಯದ 60 ಲಕ್ಷ ರೈತರನ್ನೂ ಈ ಮಾರ್ಗಕ್ಕೆ ತರುವೆವೆಂದು 2018ರಲ್ಲಿ ಘೋಷಿಸಿದ್ದ ಗುರಿ ಮುಟ್ಟಲಿಲ್ಲವೆಂಬುದೂ ಸತ್ಯ. ಲಕ್ಷಾಂತರ ಮಂದಿ ಸೇರಿದ್ದಾರೆ. ಅವರಲ್ಲಿ ಎಲ್ಲ ಹೊಲವನ್ನೂ ಬದಲಿಸಿದವರಿರುವಂತೆ ಒಂದು ತುಂಡನ್ನು ಮಾತ್ರ ಬದಲಿಸಿದವರೂ ಇದ್ದಾರೆ.

ಸರಕಾರಕ್ಕಿಂತ ಮೊದಲೇ ಈ ದಾರಿಯಲ್ಲಿ ನಡೆದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಆರಂಭವಾದ ಟಿಂಬಕ್ಟು ಕಲೆಕ್ಟಿವ್ ಬರಡು ಗುಡ್ಡಗಳನ್ನು ಹಸುರಾಗಿಸುತ್ತಾ ಬಂದಿತು. ಅದರ ಆಶ್ರಯದಲ್ಲಿ ಬೆಳೆದ ‘ಧರಣಿ’ ಎಂಬ ರೈತರ ಸಹಕಾರ ಸಂಘವು ಸಣ್ಣ ಹಿಡುವಳಿದಾರರ ಸಿರಿಧಾನ್ಯ, ಕಡಲೆಕಾಯಿಗಳನ್ನು ಕೊಂಡು ಹಸನುಮಾಡಿ ಮಾರುತ್ತದೆ. ಬೆಳೆಸುವುದನ್ನು ಕಲಿಸಿ, ಮಾರುವುದನ್ನು ರೈತನ ಹಣೆಬರಹಕ್ಕೆ ಬಿಡದಿರುವುದು ಇದರಿಂದ ಕಲಿಯತಕ್ಕ ಪಾಠ.

ಸರಕಾರದ ನೆರವು

ಕೇಂದ್ರ ಸರಕಾರದ ಯೋಜನೆಗಳಲ್ಲಿ ಮುಖ್ಯವಾದುವು ಎರಡು. 2015–16ರಲ್ಲಿ ಬಂದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ರೈತರು ಗುಂಪುಗೂಡಬೇಕು. ಈಚಿನ ನಿಯಮಗಳಂತೆ ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ ನೆರವು. ಅದರಲ್ಲಿ 15,000 ರೂಪಾಯಿ ಗೊಬ್ಬರ ಮುಂತಾದ ಸಾಮಗ್ರಿಗಳಿಗಾಗಿ ನೇರವಾಗಿ ರೈತನ ಖಾತೆಗೆ ಬರತಕ್ಕದ್ದು. ಉಳಿದುದು ತರಬೇತಿ, ಪ್ರಮಾಣಪತ್ರ, ಮಾರಾಟಗಳಿಗೆ. ಎರಡನೆಯದು 2024ರ ನವೆಂಬರ್ ತಿಂಗಳಲ್ಲಿ ಮಂಜೂರಾದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್. 2025–26ರವರೆಗಿನ ಅವಧಿಗೆ ಅದಕ್ಕೆ ಗೊತ್ತುಮಾಡಿದ ಹಣ 2,481 ಕೋಟಿ ರೂಪಾಯಿ. ಗುರಿ ಒಂದು ಕೋಟಿ ರೈತರು, ಏಳೂವರೆ ಲಕ್ಷ ಹೆಕ್ಟೇರು. ರೈತನಿಗೆ ಒಂದು ಎಕರೆಯವರೆಗೆ ವರ್ಷಕ್ಕೆ 4,000 ರೂಪಾಯಿಯಂತೆ ಎರಡು ವರ್ಷ ಪ್ರೋತ್ಸಾಹಧನ. ಜೀವಾಮೃತ ಮೊದಲಾದುವನ್ನು ತಯಾರಿಸಿ ಕೊಡುವ 10,000 ಕೇಂದ್ರಗಳು. ಹಳ್ಳಿಗಳಲ್ಲಿ ತಿಳಿಸಿಹೇಳಲು ಕೃಷಿ ಸಖಿಯರು.

ಪ್ರಮಾಣಪತ್ರದಲ್ಲಿಯೂ ಎರಡು ಬಗೆ. ಹೊರದೇಶಕ್ಕೆ ಕಳುಹಿಸುವವರಿಗೆ 2001ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪರೀಕ್ಷೆಯಿದೆ. ಅದರ ವೆಚ್ಚ ಸಣ್ಣ ರೈತನಿಗೆ ಭಾರ. ದೇಶದೊಳಗಿನ ಮಾರಾಟಕ್ಕೆ ರೈತರೇ ಗುಂಪಾಗಿ ಪರಸ್ಪರರ ಹೊಲವನ್ನು ನೋಡಿ ಸಾಕ್ಷಿ ಹೇಳುವ ‘ಸಹಭಾಗಿ ಖಾತರಿ ಪದ್ಧತಿ’ಯಿದೆ. ನಮ್ಮವರಿಗೆ ತಕ್ಕುದು ಇದೇ.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. 45 ಕಿಲೋ ಯೂರಿಯಾ ಚೀಲಕ್ಕೆ ಸರಕಾರ ಗೊತ್ತುಮಾಡಿರುವ ಮೂಲ ಬೆಲೆ 242 ರೂಪಾಯಿ. ತಯಾರಿಕೆಯ ವೆಚ್ಚ ಇದರ ಎಷ್ಟೋ ಪಾಲು ಹೆಚ್ಚು, ಉಳಿದುದನ್ನು ಬೊಕ್ಕಸ ತುಂಬುತ್ತದೆ. 2022–23ರಲ್ಲಿ ರಾಸಾಯನಿಕ ಗೊಬ್ಬರಗಳಿಗೆ ಕೇಂದ್ರವು ಕೊಟ್ಟ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿಗಳಷ್ಟು. ನೈಸರ್ಗಿಕ ಕೃಷಿಯ ಮಿಷನ್‌ಗೆ ಇಟ್ಟುದು ಅದರ ನೂರರಲ್ಲೊಂದು ಪಾಲು. ಯೂರಿಯಾ ಸಹಾಯಧನವನ್ನು ಒಮ್ಮೆಗೇ ಕೀಳಬೇಕೆಂದು ನಾವು ಹೇಳುತ್ತಿಲ್ಲ. ತಕ್ಕಡಿ ಯಾವ ಕಡೆ ವಾಲಿದೆಯೆಂಬುದನ್ನು ಮಾತ್ರ ತೋರಿಸುತ್ತಿದ್ದೇವೆ.

ಗಡಿನಾಡಿನವರಿಗೆ ಇನ್ನೊಂದು ತೊಡಕುಂಟು. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಆ ವಿಷಯದ ಕನ್ನಡ ಪುಸ್ತಕಗಳು ಸಾಕಷ್ಟಿವೆ. ಅವುಗಳನ್ನು ನಾವು ಓದಬಹುದು, ಆದರೆ ಅಲ್ಲಿನ ಸಹಾಯಧನ ನಮ್ಮ ಹೊಲಕ್ಕೆ ಬರುವುದಿಲ್ಲ. ಆಂಧ್ರದ ಸಹಾಯ ನಮ್ಮ ಹಕ್ಕು, ಆದರೆ ಅದರ ಕರಪತ್ರ, ಅರ್ಜಿಗಳು ತೆಲುಗಿನಲ್ಲಿರುವುದು ಸಹಜ. ಮಾತಿನಲ್ಲಿ ತೆಲುಗು ಬರುವ ನಮ್ಮ ಮುದುಕರಿಗೂ ಹೆಂಗಸರಿಗೂ ತೆಲುಗು ಬರಹ ಬಾರದು. ಗುತ್ತಿಗೆಗೆ ಭೂಮಿ ಮಾಡುವವನ ಪಾಡು ಇನ್ನೂ ಕಷ್ಟ: ಪಟ್ಟಾ ಬೇರೆಯವರ ಹೆಸರಿನಲ್ಲಿರುತ್ತದೆ, ಮುಂದಿನ ವರ್ಷ ಆ ಹೊಲ ತನಗುಂಟೋ ಇಲ್ಲವೋ ತಿಳಿಯದವನು ಮಣ್ಣಿನ ಸಾರವನ್ನು ಏಕೆ ಬೆಳೆಸುತ್ತಾನೆ?

ಆಕ್ಷೇಪಣೆಗಳು

ವಿರೋಧಿಗಳ ಮಾತನ್ನೂ ಕೇಳಬೇಕು. 2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯವರು ಶೂನ್ಯ ಬಂಡವಾಳದ ಬೇಸಾಯಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ಅದಕ್ಕೆ ಸರಕಾರ ಹಣ ಹಾಕಬಾರದೆಂದು ಹೇಳಿದರು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಆಂಧ್ರದ ರೈತರ ಹೊಲಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ನೈಸರ್ಗಿಕ ಕ್ರಮದ ಇಳುವರಿ ತಗ್ಗಿರಲಿಲ್ಲವೆಂದು ಕಂಡುಬಂದಿತು. ಎರಡು ಮಾತುಗಳಲ್ಲಿ ಒಂದು ಸುಳ್ಳೆಂದು ತೀರ್ಮಾನಿಸಬೇಕಿಲ್ಲ. ಬೆಳೆ, ಮಣ್ಣು, ಮೊದಲಿದ್ದ ಸ್ಥಿತಿಗಳಂತೆ ಫಲ ಬೇರೆಯಾಗುತ್ತದೆ. ಯೂರಿಯಾ ಹೆಚ್ಚಾಗಿ ಉಣ್ಣುತ್ತಿದ್ದ ಗದ್ದೆಯಲ್ಲಿ ಇಳುವರಿ ಕುಸಿಯಬಹುದು. ಏನನ್ನೂ ಉಣ್ಣದೆ ಬೋಳಾಗಿದ್ದ ಹೊಲದಲ್ಲಿ ಏರಬಹುದು.

ಆತುರದ ಫಲಕ್ಕೆ ಶ್ರೀಲಂಕೆಯೇ ದೃಷ್ಟಾಂತ. 2021ರಲ್ಲಿ ಅಲ್ಲಿನ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿತು. ಭತ್ತ, ಚಹಾಗಳ ಬೆಳೆ ಕುಗ್ಗಿ, ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಆಜ್ಞೆಯನ್ನು ಹಿಂದೆಗೆಯಬೇಕಾಯಿತು. ಇದಕ್ಕೆ ವಿರುದ್ಧವಾಗಿ ಸಿಕ್ಕಿಂ ರಾಜ್ಯವು 2003ರಲ್ಲಿ ನಿರ್ಧರಿಸಿ, ಹಂತಹಂತವಾಗಿ ನಡೆದು, 2016ರಲ್ಲಿ ಪೂರ್ಣ ಸಾವಯವ ರಾಜ್ಯವೆನಿಸಿತು. ಅಲ್ಲಿ ಮೊದಲೇ ರಾಸಾಯನಿಕದ ಬಳಕೆ ಅಲ್ಪವಾಗಿತ್ತು ಎಂಬುದನ್ನೂ ಗಮನಿಸಬೇಕು.

ದನಗಳೇ ಮಿಥೇನ್ ಬಿಡುವಾಗ ದನವನ್ನು ನಂಬಿದ ಬೇಸಾಯ ವಾಯುಗುಣಕ್ಕೆ ಹಿತವೆ ಎಂಬುದು ಇನ್ನೊಂದು ಪ್ರಶ್ನೆ. ಎಕರೆಗೆ ಹತ್ತು ಕಿಲೋ ಸಗಣಿಗಾಗಿ ಹೊಸದಾಗಿ ಮಂದೆ ಕಟ್ಟಬೇಕಿಲ್ಲ. ಊರಲ್ಲಿರುವ ದನಗಳೇ ಸಾಕು. ಆದರೆ ಟ್ರ್ಯಾಕ್ಟರು ಬಂದ ಮೇಲೆ ಎತ್ತು ಮಾರಿದ ಮನೆಗಳು ಬಹಳ. ಅವರಿಗೆ ಸಗಣಿಯೇ ಸಿಗದೆಂಬುದು ನಿಜವಾದ ಅಡಚಣೆ. ಕಳೆ ಕೀಳುವ ಕೂಲಿಯೂ ಸಣ್ಣದಲ್ಲ. ಬದಲಾವಣೆಯ ಮೊದಲ ಎರಡು ಮೂರು ವರ್ಷ ನಷ್ಟವಾದರೆ ಆ ಭಾರವನ್ನು ರೈತನೊಬ್ಬನೇ ಹೊರಬಾರದು. ಸರಕಾರದ ನೆರವಿಗೆ ನಿಜವಾದ ಅರ್ಥವಿರುವುದು ಈ ಜಾಗದಲ್ಲಿ. ಆದುದರಿಂದ ಯಾವ ರೈತನಿಗಾದರೂ ನಾವು ಹೇಳತಕ್ಕ ಮಾತು ಇಷ್ಟೇ: ಮೊದಲು ಅರ್ಧ ಎಕರೆಯಲ್ಲಿ ಮಾಡಿ ನೋಡಪ್ಪ, ಸಾಲ ಮಾಡಿ ಮಾಡಬೇಡ, ಪಕ್ಕದ ಹೊಲದೊಂದಿಗೆ ತೂಗಿ ನೋಡಿ ಆಮೇಲೆ ಮುಂದೆ ಹೋಗು.

ಉಪಾಧ್ಯಾಯರು ಮಾಡಬಹುದಾದುದು

ನಾವು ಕೃಷಿ ಅಧಿಕಾರಿಗಳಲ್ಲ, ಆಗಲೂ ಬೇಕಿಲ್ಲ. ಆದರೆ ನಾಲ್ಕು ಕೆಲಸಗಳು ನಮ್ಮ ಕೈಯಲ್ಲಿವೆ.

ಮೊದಲನೆಯದು, ತೆಲುಗು ಕರಪತ್ರವನ್ನು ಕನ್ನಡದಲ್ಲಿ ಓದಿ ಹೇಳುವುದು. ತೆಲುಗಿನ ‘ಎರುವು’ ನಮ್ಮ ಗೊಬ್ಬರ, ‘ವಿತ್ತನಂ’ ನಮ್ಮ ಬೀಜ. ಇಂತಹ ನೂರು ಪದಗಳ ಪಟ್ಟಿಯೊಂದನ್ನು ಸಂಘದಿಂದ ಮಾಡಿ ಗೋಡೆಗೆ ಅಂಟಿಸಿದರೆ, ಸ್ವಸಹಾಯ ಸಂಘದ ಹೆಂಗಸರಿಗೆ ಅದರಿಂದಾಗುವ ಉಪಕಾರ ಹೇಳತೀರದು.

ಎರಡನೆಯದು, ಶಾಲೆಯ ಅಂಗಳದಲ್ಲಿ ಪ್ರಯೋಗ. ತಳಕ್ಕೆ ತೂತುಮಾಡಿದ ಎರಡು ಡಬ್ಬಗಳಲ್ಲಿ ಒಂದೇ ಹೊಲದ ಮಣ್ಣು ತುಂಬಿ, ಒಂದಕ್ಕೆ ಕಡಲೆಕಾಯಿ ಸಿಪ್ಪೆಯ ಹೊದಿಕೆ ಹಾಕಿ, ಇನ್ನೊಂದನ್ನು ಬರಿದಾಗಿಟ್ಟು, ಅಳೆದ ನೀರನ್ನು ಹುಯ್ದು, ದಿನವೂ ತೂಗಿ ಬರೆದರೆ ಯಾವ ಮಣ್ಣು ಬೇಗ ಒಣಗಿತೆಂದು ಮಕ್ಕಳೇ ಹೇಳುತ್ತಾರೆ.

ಮೂರನೆಯದು, ಮಳೆಯ ದಾಖಲೆ. ಪ್ರತಿ ಶಾಲೆಯಲ್ಲಿಯೂ ಒಂದು ಮಳೆಮಾಪಕವನ್ನಿಟ್ಟು ಹತ್ತು ವರ್ಷ ಬಿಡದೆ ಬರೆದರೆ, ವಾಯುಗುಣದ ವಿಚಾರದಲ್ಲಿ ನಮ್ಮ ಊರಿನ ಮಾತಿಗೂ ಒಂದು ಆಧಾರ ಸಿಗುತ್ತದೆ.

ನಾಲ್ಕನೆಯದು ನಮ್ಮಂಥ ಸಾಹಿತ್ಯಾಸಕ್ತರಿಗೆ ಪ್ರಿಯವಾದುದು: ಬೇಸಾಯದ ಪದಗಳ ಸಂಗ್ರಹ. ಅಕ್ಕಡಿ, ಕೂರಿಗೆ, ಹದ, ಮಂದೆ, ಗೋಡು, ಹಗೇವು, ಒಕ್ಕಣೆ ಇವು ಮುದುಕರ ಬಾಯಲ್ಲಿ ಇನ್ನೂ ಇವೆ. ಕೊರಲೆಯನ್ನು ಬಿತ್ತುವುದು ನಿಂತ ಊರಿನಲ್ಲಿ ಕೊರಲೆಯೆಂಬ ಮಾತೂ ಮರುತಲೆಮಾರಿಗೆ ಉಳಿಯುವುದಿಲ್ಲ. ಬೆಳೆಯನ್ನು ಉಳಿಸುವುದೂ ಮಾತನ್ನು ಉಳಿಸುವುದೂ ಇಲ್ಲಿ ಒಂದೇ ಕೆಲಸವಾಗಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಸಾವಯವ ಬೇಸಾಯವು ಜಗತ್ತಿನ ಕಾವನ್ನೆಲ್ಲ ತಗ್ಗಿಸುವ ಸಂಜೀವಿನಿಯಲ್ಲ. ನಮ್ಮಂತಹ ಒಣ ಸೀಮೆಯಲ್ಲಿ ನೆಲವನ್ನು ಹೊದಿಸಿ, ಬೆಳೆಗಳನ್ನು ಬೆರೆಸಿ, ಸಾಲವನ್ನು ತಗ್ಗಿಸಿ, ಕೆಟ್ಟ ವರ್ಷವನ್ನು ತಾಳಿಕೊಳ್ಳುವ ಒಂದು ಬಲವಾದ ಉಪಾಯ. ಅದಕ್ಕೆ ಸರಕಾರದ ನೆರವು ಇದೆ. ಸಾಲದು, ಆದರೆ ಇದೆ. ಇರುವುದನ್ನು ನಮ್ಮ ಜನ ತಮ್ಮ ಭಾಷೆಯಲ್ಲಿ ತಿಳಿದು ಪಡೆಯುವಂತೆ ಮಾಡುವುದು ಅಕ್ಷರ ಬಲ್ಲವರ ಹೊಣೆ. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹಾಜರಿ ಪುಸ್ತಕದ ಹೆಸರುಗಳೆಲ್ಲ ಓಗೊಡುವಂತಾದರೆ ನಮ್ಮ ಶ್ರಮ ಸಾರ್ಥಕ.